ಒಂಬತ್ತರ ನಂತರದ ಕಥೆ

ಅಹಮದಾಬಾದ್
೯ ಜೂನ್ ೨೦೨೪

ಧಣಿಗಳಿಗೆ ಸಂತೋಷನ ನಮಸ್ಕಾರಗಳು.

ಅಕ್ಷರ ನೋಡಿ ನಿಮಗೆ ಗುರುತು ಹತ್ತುವುದು ಕಷ್ಟ. ಸೂರತ್ತಿನ ವರಾಛಾದಲ್ಲಿ ನಿಮ್ಮ ಹೋಟೆಲಿನ ಒಲೆಯ ಮುಂದೆ ಹದಿನಾಲ್ಕು ವರ್ಷ ನಿಂತವನು ನಾನು, ಆದರೆ ಅಲ್ಲಿ ನನಗೆ ಬರೆಯುವ ಕೆಲಸ ಇರಲಿಲ್ಲ. ನಿಮ್ಮನ್ನು ಕೊನೆಗೆ ನೋಡಿದ್ದು ಕೋರ್ಟಿನಲ್ಲಿ, ನೀವು ಸಾಕ್ಷಿ ಹೇಳಿದ ದಿನ. ಆರು ವರ್ಷವಾಯಿತು. ವರಾಛಾದ ಹೋಟೆಲು ಮುಚ್ಚಿ ಈಗ ವಡೋದರಾದ ಆಲ್ಕಾಪುರಿಯಲ್ಲಿ ಮಗ ಸುಧೀರನ ರೆಸ್ಟೋರೆಂಟಿನಲ್ಲಿ ಕೂರುತ್ತೀರಿ ಎಂದು ತಿಳಿದು ನನ್ನ ಹೆಂಡತಿ ಕಮಲಾಕ್ಷಿ ವಿಳಾಸ ಹುಡುಕಿ ತಂದಳು. ನಾನಿರುವ ಜೈಲಿಗೆ ಹತ್ತಿರವಾಗಲಿ ಎಂದು ಅವಳು ಇದೇ ಊರಿಗೆ ಬಂದಿದ್ದಾಳೆ. ಸ್ಯಾಟಲೈಟ್ ಬಡಾವಣೆಯ ಕಡೆ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ.

ಹೆದರಬೇಡಿ, ಕೇಸಿನ ವಿಷಯ ಬರೆಯುತ್ತಿಲ್ಲ. ಇದು ಧಾರಾವಾಹಿಯ ವಿಷಯ.

ಪ್ರತಿ ಶನಿವಾರ ರಾತ್ರಿ ಎಂಟೂವರೆಗೆ ಗುಜರಾತಿಯಲ್ಲಿ ‘ತೇರ್ ಪಗಥಿಯಾ’ ಎಂದು ಒಂದು ಕೊಲೆಯ ಕಥೆ ಬರುತ್ತದೆ. ಹದಿಮೂರು ಮೆಟ್ಟಿಲು ಅಂತ ಅರ್ಥ. ಅದು ಮುಗಿಯುವುದು ಒಂಬತ್ತೂವರೆಗೆ, ನಮ್ಮ ಬ್ಯಾರಕಿನ ಟಿವಿ ಆರುವುದು ಒಂಬತ್ತಕ್ಕೆ. ಮುಂದಿನ ವಾರ ಹಿಂದಿನದರ ತುಣುಕು ತೋರಿಸುತ್ತಾರೆ, ಒಂದು ಕಿರುಚು, ಒಂದು ಅಳು, ಅಷ್ಟೆ. ತಲೆ ಬುಡ ಗೊತ್ತಾಗುವುದಿಲ್ಲ. ಎಪ್ಪತ್ತು ಜನ ಅರ್ಧ ಊಟ ಮಾಡಿ ಎದ್ದವರ ಹಾಗೆ ಮಲಗುತ್ತೇವೆ.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನೀವು ಸಿನಿಮಾ ಕಥೆ ಹೇಳುತ್ತಿದ್ದುದು ನೆನಪಿದೆಯೇ? ನಿಮ್ಮ ಬಾಯಲ್ಲಿ ಕೇಳಿದ ಮೇಲೆ ಆ ಸಿನಿಮಾ ನೋಡಿದರೆ ಸಿನಿಮಾವೇ ಸಪ್ಪೆ. ಒಂಬತ್ತರ ನಂತರದ ಕಥೆಯನ್ನು ನಮಗೆ ಬರೆದು ಕಳಿಸುತ್ತೀರಾ? ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಕಚೇರಿಯಲ್ಲಿ ಕನ್ನಡ ಬಲ್ಲವರಿಲ್ಲ. ಮೊದಲು ಬ್ಯಾಂಕಿನಲ್ಲಿದ್ದ ಪಟ್ಟಾಭಿರಾಮರು ನಮ್ಮ ಜೊತೆಗಿದ್ದಾರೆ. ಅವರು ಸಾಹೇಬರ ಮುಂದೆ ಓದಿ ಗುಜರಾತಿಯಲ್ಲಿ ಹೇಳಿದ ಮೇಲೆ ಕಾಗದಕ್ಕೆ ಸೀಲು ಬೀಳುತ್ತದೆ. ಬ್ಯಾರಕಿಗೂ ಅವರೇ ಓದಿ ಹೇಳುತ್ತಾರೆ.

ಇಂತಿ ನಿಮ್ಮ ಒಲೆಯ ಮುಂದಿನವನು,
ಸಂತೋಷ


ವಡೋದರಾ
೨೫ ಜೂನ್ ೨೦೨೪

ಚಿ. ಸಂತೋಷನಿಗೆ ಜನಾರ್ದನ ಐತಾಳನ ಆಶೀರ್ವಾದಗಳು.

ನಿನ್ನ ಕಾಗದ ಕ್ಯಾಶ್ ಕೌಂಟರಿನ ಗಣಪತಿ ಪಟದ ಹಿಂದೆ ಹತ್ತು ದಿನ ಇತ್ತು. ಒಡೆಯಲು ಧೈರ್ಯ ಬರಲಿಲ್ಲ ಎಂದರೆ ನೀನು ನಗುತ್ತೀ. ನಗು. ಒಡೆದು ನೋಡಿದರೆ ಧಾರಾವಾಹಿಯ ಕಥೆ ಕೇಳಿದ್ದೀ. ನನಗೂ ನಗು ಬಂತು, ಮಾರಾಯ, ಆಮೇಲೆ ಕಣ್ಣಲ್ಲಿ ನೀರೂ ಬಂತು.

ನಾನು ಆ ಧಾರಾವಾಹಿ ನೋಡುವವನಲ್ಲ. ನಿನಗೋಸ್ಕರ ಕಳೆದ ಶನಿವಾರ ಕೂತು ನೋಡಿದೆ. ನೀವು ಎಲ್ಲಿಗೆ ನಿಲ್ಲಿಸಿದ್ದೀರಿ ಎಂದು ಗಡಿಯಾರ ನೋಡಿ ಗುರುತು ಹಾಕಿಕೊಂಡೆ. ಬಣ್ಣದ ಮಿಲ್ಲಿನ ಮಾಧವನನ್ನು ಜೀಪಿಗೆ ಹತ್ತಿಸಿದರು, ಅಲ್ಲಿಗೆ ನಿಮ್ಮ ಒಂಬತ್ತು. ಇನ್ನು ಕೇಳು. ಮಿಲ್ಲಿನ ಮಾಲಕನನ್ನು ಹದಿಮೂರು ಮೆಟ್ಟಿಲಿನಿಂದ ತಳ್ಳಿದ್ದು ತಾನಲ್ಲ ಎಂದು ಮಾಧವ ಅಂಗಲಾಚುತ್ತಾನೆ. ಇನ್ಸ್‌ಪೆಕ್ಟರ್ ಯಶೋದಾ ಎಂಬ ಹೆಂಗಸು, ಹಣೆಯ ಮೇಲೆ ಸದಾ ಒಂದು ಗೆರೆ, ಒಂದೇ ಒಂದು ಮಾತು ಕೇಳುತ್ತಾಳೆ: ಮೆಟ್ಟಿಲ ಕೆಳಗೆ ಗಡಿಯಾರ ರಿಪೇರಿ ಮಾಡುವ ದಾದಾ ಸುಳ್ಳು ಯಾಕೆ ಹೇಳುತ್ತಾನೆ? ನೀನು ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೆಟ್ಟಿಲು ಹತ್ತಿದ್ದನ್ನು ಆ ಮುದುಕ ಕಣ್ಣಾರೆ ಕಂಡಿದ್ದಾನೆ, ಕೊಲೆಯಾದದ್ದೂ ಅದೇ ಹೊತ್ತಿಗೆ. ಮಾಧವ ಹೇಳುತ್ತಾನೆ, ನಾನು ಹೋದದ್ದು ಒಂಬತ್ತಕ್ಕೆ, ಐದು ನಿಮಿಷದಲ್ಲಿ ಇಳಿದೆ ಎಂದು. ಯಾರು ನಂಬುತ್ತಾರೆ? ಕೊನೆಗೆ ದಾದಾನ ಅಂಗಡಿಯನ್ನು ತೋರಿಸಿದರು. ಗೋಡೆ ತುಂಬ ಗಡಿಯಾರ, ಟಿಕ್ ಟಿಕ್ ಟಿಕ್. ಅಲ್ಲಿಗೆ ಮುಗಿಯಿತು.

ಇಲ್ಲಿ ಎಲ್ಲ ಇದೆ, ನಿನ್ನ ಕೈಯ ಸಾಂಬಾರು ಒಂದಿಲ್ಲ. ಈಗಿನ ಅಡುಗೆಯ ಮಹಾರಾಜ ರಾಜಸ್ಥಾನದವನು, ಬೆಲ್ಲ ಸುರಿಯುತ್ತಾನೆ. ಗಿರಾಕಿಗಳಿಗೂ ಅದೇ ಬೇಕು. ಉಗ್ರಾಣ ಮೇಲಂತಸ್ತಿನಲ್ಲಿದೆ, ಸುಧೀರ್ ಮಾತ್ರ ಮೆಟ್ಟಿಲು ಹತ್ತುವುದೇ ಇಲ್ಲ. ಮೊಣಕಾಲು ನೋವು ಅನ್ನುತ್ತಾನೆ. ಮೂವತ್ತೆಂಟು ವರ್ಷಕ್ಕೆ ಎಂತ ಮೊಣಕಾಲು ನೋವೋ, ನನಗೆ ತಿಳಿಯದು.

ಇಂತಿ ಆಶೀರ್ವಾದಗಳೊಂದಿಗೆ,
ಜನಾರ್ದನ ಐತಾಳ


ಅಹಮದಾಬಾದ್
೨೧ ಜುಲೈ ೨೦೨೪

ಧಣಿಗಳಿಗೆ ನಮಸ್ಕಾರ.

ನಿಮ್ಮ ಮೂರು ಕಾಗದ ಬಂದವು. ಪಟ್ಟಾಭಿರಾಮರು ಓದುವಾಗ ಬೀಡಿ ಸೇದುವವರೂ ಬೀಡಿ ಕೆಳಗಿಡುತ್ತಾರೆ. ‘ಟಿಕ್ ಟಿಕ್’ ಬಂದಾಗ ಅವರು ತಟ್ಟೆಯ ಮೇಲೆ ಉಗುರಿನಿಂದ ಬಾರಿಸಿ ತೋರಿಸಿದರು. ಈಗ ಇಡೀ ಬ್ಯಾರಕಿಗೆ ನಿಮ್ಮ ಹೆಸರು ‘ವಡೋದರಾವಾಳಾ ಕಾಕಾ’. ನನಗೆ ನಿಮ್ಮಿಂದ ಮರ್ಯಾದೆ. ಸ್ನಾನದ ಸಾಲಿನಲ್ಲಿ ಮುಂದೆ ಬಿಡುತ್ತಾರೆ.

ನಾನೀಗ ಇಲ್ಲಿನ ಅಡುಗೆಮನೆಯಲ್ಲಿದ್ದೇನೆ. ಒಗ್ಗರಣೆ ಹಾಕುವ ದಿನ ನನಗೆ ಸುಖವಿಲ್ಲ. ಹೊಗೆ ಮೇಲೆ ಏಳುತ್ತಲೇ ಅಮೃತ್‌ಭಾಯಿ ಮೆಟ್ಟಿಲ ಮೇಲೆ ನಿಂತು ಕೂಗಿದ ಹಾಗೆ ಆಗುತ್ತದೆ. ನಮ್ಮ ಮೆಣಸಿನ ಘಾಟಿಗೆ ಮೇಲೆ ಅವರ ವಜ್ರದ ಕಾರ್ಖಾನೆಯವರು ಕೆಮ್ಮಿ ಕೆಮ್ಮಿ ಕೈಯ ಹರಳು ಬೀಳಿಸುತ್ತಿದ್ದರಲ್ಲ. ಪಾಪ, ಅವರು ಕೂಗಿದ್ದರಲ್ಲಿ ತಪ್ಪಿರಲಿಲ್ಲ. ಕೇಸಿನ ವಿಷಯ ಬರೆಯುವುದಿಲ್ಲ ಎಂದಿದ್ದೆ, ಕೈ ತಪ್ಪಿತು.

ನಿನ್ನೆಯ ಭಾಗದಲ್ಲಿ, ನಮ್ಮ ಒಂಬತ್ತಕ್ಕೆ ಸ್ವಲ್ಪ ಮೊದಲು, ದಾದಾ ತನ್ನ ಶೋಕೇಸಿನ ಗಡಿಯಾರವನ್ನೇ ದಿಟ್ಟಿಸಿ ನೋಡಿ ಬೆವರಿದ. ಮುಂದೆ ಏನಾಯಿತು? ಇಲ್ಲಿ ಎಲ್ಲರ ತಲೆಯಲ್ಲೂ ಅದೇ. ನನ್ನದು ಬೇರೆ ಒಂದು ಪ್ರಶ್ನೆ. ಆ ಮುದುಕನಿಗೆ ತಪ್ಪು ತಿಳಿದದ್ದು ಈಗಲೋ, ಮೊದಲೇ ತಿಳಿದಿತ್ತೋ?

ಇಂತಿ,
ಸಂತೋಷ


ವಡೋದರಾ
೧೩ ಆಗಸ್ಟ್ ೨೦೨೪

ಚಿ. ಸಂತೋಷನಿಗೆ ಆಶೀರ್ವಾದಗಳು.

ಮುಂದೆ ಆದದ್ದು ಇದು. ಶೋಕೇಸಿನಲ್ಲಿ ಮಾರಲು ಇಟ್ಟ ಗಡಿಯಾರಗಳು ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷಕ್ಕೇ ನಿಂತಿರುತ್ತವೆ, ಯಾವ ಅಂಗಡಿಗೆ ಬೇಕಾದರೂ ಹೋಗಿ ನೋಡು, ಚಂದ ಕಾಣಲಿ ಎಂದು ಹಾಗೆ ಇಡುವುದು. ಮಾಧವ ಮೆಟ್ಟಿಲು ಹತ್ತುವಾಗ ದಾದಾ ತಲೆ ಎತ್ತಿ ಸಮಯ ನೋಡಿದ್ದು ಆ ನಿಂತ ಗಡಿಯಾರದಲ್ಲಿ. ಹುಟ್ಟಿದಾಗಿನಿಂದ ಗಡಿಯಾರದ ಜೊತೆ ಬದುಕಿದವನು ಗಡಿಯಾರದಲ್ಲೇ ಎಡವಿದ. ಯಶೋದಾ ಬಂದು ಅಂಗಡಿಯ ಬಾಗಿಲಲ್ಲಿ ನಿಂತು, ಗಂಟೆ ಎಷ್ಟು ದಾದಾ ಎಂದು ಕೇಳುತ್ತಾಳೆ. ಅವನು ಕೈಗಡಿಯಾರವನ್ನೂ ನೋಡುವುದಿಲ್ಲ, ಗೋಡೆಯನ್ನೂ ನೋಡುವುದಿಲ್ಲ.

ನಿನ್ನ ಪ್ರಶ್ನೆಗೆ ಧಾರಾವಾಹಿಯವರು ಉತ್ತರ ಕೊಟ್ಟಿಲ್ಲ. ನನಗೆ ಕೇಳಿದರೆ ಅದು ಮುದುಕನಿಗೆ ಆಮೇಲೆ ತಿಳಿದದ್ದು. ತಿಳಿದ ಮೇಲೂ ಅವನೇನು ಮಾಡಬೇಕಿತ್ತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಠಾಣೆಯಲ್ಲಿ ಬರೆದುಕೊಂಡಾಗಿದೆ, ಸಹಿ ಆಗಿದೆ. ಮಾಧವ ಅಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಾರೆ. ದಾದಾನಿಗೂ ಮನೆ ಇದೆ, ಮಕ್ಕಳಿದ್ದಾರೆ. ಪರದೆಯ ಈಚೆ ಕೂತವರಿಗೆ ಎಲ್ಲವೂ ಸುಲಭ, ಸಂತೋಷ. ನನಗೆ ಆ ಮುದುಕನ ಮೇಲೆ ಸಿಟ್ಟೇ ಬರುವುದಿಲ್ಲ.

ಬಹಳ ಬರೆದೆ. ಕಮಲಾಕ್ಷಿಗೆ ನನ್ನ ನೆನಪು ಹೇಳು.

ಇಂತಿ,
ಜನಾರ್ದನ ಐತಾಳ


ಅಹಮದಾಬಾದ್
೨೨ ಸೆಪ್ಟೆಂಬರ್ ೨೦೨೪

ಧಣಿಗಳಿಗೆ ನಮಸ್ಕಾರ.

ಈ ಕಾಗದವನ್ನು ಪಟ್ಟಾಭಿರಾಮರು ಓದಿದ್ದಾರೆ, ಸಾಹೇಬರಿಗೂ ಹೇಳಿದ್ದಾರೆ. ಮುಚ್ಚುಮರೆ ಇಲ್ಲ. ಇವತ್ತು ಕೇಸಿನ ವಿಷಯವೇ ಬರೆಯುತ್ತೇನೆ, ಕ್ಷಮಿಸಿ.

ನನ್ನ ಅಪೀಲು ನವೆಂಬರ್ ೨೫ರಂದು ಮೇಲಿನ ಕೋರ್ಟಿಗೆ ಬರುತ್ತದೆ. ಸರಕಾರದಿಂದ ಕೊಟ್ಟ ಹೊಸ ವಕೀಲರು, ನಮಿತಾ ಅಂತ, ಚಿಕ್ಕ ವಯಸ್ಸಿನವರು, ಹಳೆಯ ಫೈಲನ್ನು ಪೂರ್ತಿ ಓದಿ ಬಂದರು. ಇಡೀ ಕೇಸು ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ ಎಂದರು. ಯಾವ ಮಾತು ಎಂದು ಕೇಳಿದೆ. ‘ಕಾಲೇ’ ಎಂದರು.

ಮಂಗಳವಾರ ಮಧ್ಯಾಹ್ನ, ಅಮೃತ್‌ಭಾಯಿ ಹೊಗೆಯ ವಿಷಯಕ್ಕೆ ಕೂಗಿ ಹೋದ ಮೇಲೆ, ನಾನು ನಿಮಗೆ ಹೇಳಿದ್ದು ನೆನಪು ಮಾಡಿಕೊಳ್ಳಿ. “ನಾಳಿಗೆ ಮೇಲ್ ಹೋಯಿ ಮಾತ್ ಮುಗ್ಸಿ ಬತ್ತೆ, ಧಣಿ.” ಅವತ್ತೇ ಸಂಜೆ ಅವರು ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದರು. ಬುಧವಾರ ಬೆಳಿಗ್ಗೆ ಪೊಲೀಸರು ಕೇಳಿದಾಗ ನೀವು ನಮ್ಮ ಹೋಟೆಲಿನ ಭಾಷೆಯಲ್ಲಿ ಹೇಳಿದಿರಿ: “ಸಂತೋಷ್ ಬೋಲಾ, ಕಾಲೇ ಉಪರ್ ಜಾನಾ, ಬಾತ್ ಪೂರಾ ಕರ್ನಾ.” ನಮಗೆ ಎಲ್ಲದಕ್ಕೂ ಜಾನಾ, ಕರ್ನಾ. ಹೋದನೋ ಹೋಗುವನೋ ಅದರಲ್ಲಿಲ್ಲ. ನಮಗೆ ನಿನ್ನೆ ಬೇರೆ, ನಾಳೆ ಬೇರೆ. ಇಲ್ಲಿಯವರಿಗೆ ಎರಡಕ್ಕೂ ಕಾಲೇ. ಬರೆದುಕೊಂಡವನು ನಿನ್ನೆ ಎಂದು ಬರೆದ. ನಿನ್ನೆ ಸಂತೋಷ ಮೇಲೆ ಹೋಗಿ ಮುಗಿಸಿದ.

ನೀವು ಬಂದು ‘ನಾನು ಹೇಳಿದ್ದು ನಾಳೆ’ ಎಂದು ಒಂದು ಅಫಿಡವಿಟ್ ಕೊಟ್ಟರೆ ಕೋರ್ಟು ಅದನ್ನು ನೋಡಬಹುದು, ಬೇರೆ ಏನೂ ಉಳಿದಿಲ್ಲ ಎಂದರು ವಕೀಲರು. ಅವರ ನಂಬರು ಕೆಳಗಿದೆ. ಧಣಿ, ನಾನು ಹೊರಗೆ ಬರಬೇಕು. ಮಗಳು ಚೈತ್ರಾಳಿಗೆ ಹದಿಮೂರು ತುಂಬಿತು. ಭೇಟಿಗೆ ಬಂದಾಗ ನನ್ನೊಡನೆ ಗುಜರಾತಿಯಲ್ಲಿ ಮಾತಾಡುತ್ತಾಳೆ, ನಾನು ಕನ್ನಡದಲ್ಲಿ ಉತ್ತರಿಸಿದರೆ ತಾಯಿಯ ಮುಖ ನೋಡುತ್ತಾಳೆ. ಇನ್ನು ನಾಲ್ಕು ವರ್ಷ ಹೋದರೆ ಅದೂ ಇಲ್ಲ.

ಇಂತಿ ನಿಮ್ಮ,
ಸಂತೋಷ


ವಡೋದರಾ
೧೪ ಅಕ್ಟೋಬರ್ ೨೦೨೪

ಚಿ. ಸಂತೋಷನಿಗೆ ಆಶೀರ್ವಾದಗಳು.

ಕಾಗದ ತಲುಪಿತು. ನವರಾತ್ರಿಯ ಗಡಿಬಿಡಿ. ಒಂಬತ್ತು ದಿನ ಗರ್ಬಾ ಮುಗಿಸಿ ಬರುವವರಿಗೆ ಇಡ್ಲಿ ಹಾಕಿ ಹಾಕಿ ಸಾಕಾಯಿತು. ಅದಕ್ಕೇ ತಡವಾಯಿತು, ಎರಡು ವಾರದ ಕಥೆಯೂ ಬಾಕಿ ಉಳಿಯಿತು. ಸಂಕ್ಷೇಪದಲ್ಲಿ ಹೇಳುತ್ತೇನೆ: ಯಶೋದಾ ದಾದಾನ ಹೆಸರಿಗೆ ಸಮನ್ಸ್ ಕಳಿಸಿದ್ದಾಳೆ, ಅವನು ಅದನ್ನು ಗಡಿಯಾರದ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದಾನೆ.

ನಿನ್ನ ಕಾಗದ ಸುಧೀರನ ಕಣ್ಣಿಗೆ ಬಿತ್ತು. ಕನ್ನಡ ಓದಲು ಅವನಿಗೆ ಬರುವುದಿಲ್ಲ, ಯಾರದು ಎಂದು ಕೇಳಿದ. ಹೇಳಿದೆ. ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ನನ್ನ ಹತ್ತಿರ ಬಂದು, “ಅಪ್ಪ, ನೀವ್ ಅಲ್ಲಿ ಹೋದ್ರೆ ಅವ್ರು ಚಾವಿ ಕೇಳ್ತಾರೆ” ಎಂದ. ಅಷ್ಟೇ ಹೇಳಿದ್ದು.

ನನಗೂ ಎಪ್ಪತ್ತೊಂದು. ಬಿಪಿ ಏರಿದೆ. ವಕೀಲರ ನಂಬರು ಬರೆದಿಟ್ಟುಕೊಂಡಿದ್ದೇನೆ. ನಾಳೆ ಖಂಡಿತ ಫೋನ್ ಮಾಡುತ್ತೇನೆ.

ಇಂತಿ,
ಜನಾರ್ದನ ಐತಾಳ


ಅಹಮದಾಬಾದ್
೩ ನವೆಂಬರ್ ೨೦೨೪

ಧಣಿಗಳಿಗೆ ಗುಜರಾತಿ ಹೊಸ ವರ್ಷದ ನಮಸ್ಕಾರ. ನಿನ್ನೆ ಇಲ್ಲಿಯೂ ‘ಸಾಲ್ ಮುಬಾರಕ್’ ಎಂದು ಒಬ್ಬರಿಗೊಬ್ಬರು ಹೇಳಿದೆವು, ಸಿಹಿಗೆ ಒಂದೊಂದು ಮೋಹನ್‌ಥಾಳ್ ಸಿಕ್ಕಿತು.

ನಿಮ್ಮ ಫೋನು ಬರಲಿಲ್ಲ ಎಂದು ವಕೀಲರು ಹೇಳಿದರು. ಅವರೇ ಎರಡು ಸಲ ಮಾಡಿದರಂತೆ. ಬಿಪಿ ಇರುವವರು ಒಬ್ಬರೇ ರೈಲಿನಲ್ಲಿ ಬರುವುದು ಬೇಡ, ತಾನು ಬಂದು ಕರೆತರುತ್ತೇನೆ ಎಂದು ಕಮಲಾಕ್ಷಿ ಹೇಳುತ್ತಿದ್ದಾಳೆ. ಇನ್ನೂ ಮೂರು ವಾರ ಇದೆ.

ಬರುವ ಶನಿವಾರ ‘ತೇರ್ ಪಗಥಿಯಾ’ ಕೊನೆಯ ಭಾಗ. ಬ್ಯಾರಕಿನಲ್ಲಿ ಎರಡು ಪಕ್ಷವಾಗಿದೆ. ದಾದಾ ಕೋರ್ಟಿಗೆ ಬರುತ್ತಾನೆ ಎನ್ನುವವರು ಕಿಟಕಿಯ ಕಡೆ, ಬರುವುದಿಲ್ಲ ಎನ್ನುವವರು ನಲ್ಲಿಯ ಕಡೆ. ಮಲಗುವ ಜಾಗವನ್ನೇ ಬದಲಾಯಿಸಿಕೊಂಡಿದ್ದಾರೆ ಪುಣ್ಯಾತ್ಮರು. ನಾನು ಯಾವ ಕಡೆ ಎಂದು ಕೇಳಿದರು. ಹಾಸಿಗೆ ತೆಗೆದು ಕಿಟಕಿಯ ಕಡೆ ಹಾಕಿದೆ.

ಒಂದು ಬೇಡಿಕೆ. ಒಂಬತ್ತರ ನಂತರ ಏನಾಯಿತೋ ಅದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ.

ಇಂತಿ ನಿಮ್ಮ,
ಸಂತೋಷ


ವಡೋದರಾ
೧೧ ನವೆಂಬರ್ ೨೦೨೪

ಚಿ. ಸಂತೋಷನಿಗೆ ಆಶೀರ್ವಾದಗಳು.

ಶನಿವಾರ ಎಂಟೂಕಾಲಕ್ಕೇ ಟಿವಿಯ ಮುಂದೆ ಕೂತೆ. ಕೋರ್ಟಿನ ಜವಾನ ಹೊರಗೆ ಬಂದು ದಾದಾನ ಹೆಸರನ್ನು ಎರಡನೆಯ ಸಲ ಕೂಗಿದಾಗ ಗಂಟೆ ಒಂಬತ್ತು. ನಿಮ್ಮ ಟಿವಿ ಆರಿತು ಎಂದುಕೊಂಡೆ.

ಮುಂದೆ ಕೇಳು. ಜವಾನ ಮೂರನೆಯ ಸಲ ಕೂಗುತ್ತಾನೆ. ಯಾರೂ ಬರುವುದಿಲ್ಲ. ಮಾಧವ ಬಾಗಿಲನ್ನೇ ನೋಡುತ್ತಾನೆ. ಯಶೋದಾ ಜೀಪು ಹತ್ತಿ ಅಂಗಡಿಗೆ ಓಡುತ್ತಾಳೆ. ಅಂಗಡಿಯ ಬಾಗಿಲು ತೆರೆದಿದೆ, ಗಡಿಯಾರಗಳೆಲ್ಲ ನಡೆಯುತ್ತಿವೆ, ದಾದಾ ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದಾನೆ. ಕಣ್ಣಿಗೆ ಹಾಕಿಕೊಳ್ಳುವ ಆ ದುಂಡು ಭೂತಗನ್ನಡಿ ಹಾಗೇ ಇದೆ. ಹಿಂದೆ ಮೊಳೆಗೆ ಇಸ್ತ್ರಿ ಮಾಡಿದ ಕೋಟು ತೂಗುಹಾಕಿದೆ, ಕಿಸೆಯಲ್ಲಿ ಸಮನ್ಸು. ಎಂದರೆ ಮುದುಕ ಹೊರಟಿದ್ದ, ಸಂತೋಷ. ಬರಬೇಕೆಂದೇ ಇದ್ದ. ಆಯುಷ್ಯ ಬಿಡಲಿಲ್ಲ. ಮಾಧವನನ್ನು ಮತ್ತೆ ವ್ಯಾನಿಗೆ ಹತ್ತಿಸುತ್ತಾರೆ, ಅಲ್ಲಿಗೆ ಕಥೆ ಮುಕ್ತಾಯ.

ಬೇಜಾರು ಮಾಡಿಕೊಳ್ಳಬೇಡ. ಕಥೆಯಲ್ಲಿಯೂ ಎಲ್ಲ ನಾವು ಅಂದುಕೊಂಡ ಹಾಗೆ ಆಗುವುದಿಲ್ಲ.

ನನ್ನ ಬಿಪಿ ಹಾಗೇ ಇದೆ. ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ. ನಾಳೆ ವಕೀಲರ ಹತ್ತಿರ ಮಾತಾಡುತ್ತೇನೆ.

ಇಂತಿ,
ಜನಾರ್ದನ ಐತಾಳ


ಅಹಮದಾಬಾದ್
೧ ಡಿಸೆಂಬರ್ ೨೦೨೪

ಜನಾರ್ದನ ಐತಾಳರಿಗೆ,

ನಿಮ್ಮ ಕೊನೆಯ ಕಾಗದವನ್ನು ಪಟ್ಟಾಭಿರಾಮರು ಓದಿದ ದಿನ ಬ್ಯಾರಕಿನಲ್ಲಿ ಮೂರು ಜನ ಅತ್ತರು. ಇಸ್ತ್ರಿ ಮಾಡಿದ ಕೋಟಿನ ಜಾಗ ಬಂದಾಗ ನಾನೂ ಅತ್ತೆ. ಹಾಸಿಗೆಯನ್ನು ನಲ್ಲಿಯ ಕಡೆಗೆ ಎಳೆದುಕೊಂಡೆ.

ಹದಿನೇಳನೇ ತಾರೀಕು ಭಾನುವಾರ ಮಧ್ಯಾಹ್ನ ಚಾನೆಲಿನವರು ಕೊನೆಯ ಭಾಗವನ್ನು ಮತ್ತೊಮ್ಮೆ ಹಾಕಿದರು. ಮಧ್ಯಾಹ್ನ ನಮ್ಮ ಟಿವಿ ಆರುವುದಿಲ್ಲ. ಜವಾನ ಮೂರನೆಯ ಸಲ ಕೂಗಿದ. ಬಾಗಿಲಲ್ಲಿ ದಾದಾ ಕಾಣಿಸಿಕೊಂಡ. ಕೋಟು ಇರಲಿಲ್ಲ. ಬನಿಯನ್ ಮೇಲೆ ಶಾಲು ಹೊದ್ದು, ಕೋಲು ಊರಿಕೊಂಡು, ಎರಡು ಸಲ ನಿಂತು ನಿಂತು ಕಟಕಟೆ ಹತ್ತಿದ. “ಸಾಹೇಬ್, ನನ್ನ ಗಡಿಯಾರ ನಿಂತಿತ್ತು. ಅದು ನನಗೆ ಅವತ್ತೇ ಗೊತ್ತಿತ್ತು” ಎಂದ. ಮಾಧವನನ್ನು ಬಿಟ್ಟರು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಪಟ್ಟಾಭಿರಾಮರು ನಿಮ್ಮ ಕಾಗದವನ್ನು ತೆಗೆದು, ತಾವೇ ತಪ್ಪು ಓದಿದರೋ ಎಂದು ಮತ್ತೊಮ್ಮೆ ಓದಿಕೊಂಡರು. ತಪ್ಪು ಓದಿರಲಿಲ್ಲ. ಕಟಕಟೆ ಹತ್ತುವುದು ತಪ್ಪಲಿ ಎಂದು ನೀವು ಆ ಮುದುಕನನ್ನು ಕುರ್ಚಿಯಲ್ಲೇ ಕೊಂದಿರಿ.

ಇಪ್ಪತ್ತೈದಕ್ಕೆ ಅಪೀಲು ಬಂತು. ಕಮಲಾಕ್ಷಿ ನಾಲ್ಕು ಮನೆಗೂ ರಜೆ ಹೇಳಿ, ನಿಮಗೆ ದಾರಿ ತಪ್ಪಬಾರದು ಎಂದು ಬೆಳಿಗ್ಗೆ ಒಂಬತ್ತರಿಂದ ಗೇಟಿನಲ್ಲಿ ನಿಂತಿದ್ದಳು. ಟಿವಿಯ ಕಥೆಯನ್ನು ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೂ ನಿಲ್ಲುತ್ತಿದ್ದಳು. ಅಪೀಲು ವಜಾ ಆಯಿತು. ಇನ್ನೂ ಮೇಲೆ ಹೋಗಬಹುದು ಎಂದು ವಕೀಲರು ಹೇಳಿದರು, ಆದರೆ ಹಾಗೆ ಹೇಳುವಾಗ ಫೈಲಿಗೆ ದಾರ ಕಟ್ಟುತ್ತಿದ್ದರು.

ಈಗ ಒಂದು ವಿಷಯ ಹೇಳಿಬಿಡುತ್ತೇನೆ. ನಿಮಗೆ ತಪ್ಪು ಆಮೇಲೆ ತಿಳಿದದ್ದಲ್ಲ. ಠಾಣೆಯಲ್ಲಿ ನೀವು ಹೇಳಿದ್ದು ಬರೀ ‘ಕಾಲೇ’, ಅಲ್ಲಿ ನಿಮ್ಮ ತಪ್ಪಿಲ್ಲ. ಆದರೆ ಕೋರ್ಟಿನಲ್ಲಿ ಹೇಳಿಕೆ ಓದಿದಾಗ ‘ಗಈ ಕಾಲೇ’ ಎಂದು ಓದಿದರು. ಗಈ ಕಾಲೇ ಎಂದರೆ ಕಳೆದುಹೋದ ಕಾಲೇ, ನಿನ್ನೆ. ಮೂವತ್ತು ವರ್ಷ ಸೂರತ್ತಿನಲ್ಲಿ ಹೋಟೆಲು ಮಾಡಿದವರಿಗೆ ಅದು ಗೊತ್ತಿಲ್ಲವೇ? ಇದು ಬರಾಬರ್ ಏನು ಎಂದು ಕೇಳಿದರು. ನೀವು ನನ್ನ ಕಡೆ ಒಮ್ಮೆ ನೋಡಿದಿರಿ. ಆಮೇಲೆ “ಬರಾಬರ್” ಎಂದಿರಿ. ಹಿಂದಿನ ಮೆಟ್ಟಿಲ ಬಾಗಿಲಿಗೆ ಎರಡು ಚಾವಿ ಇದ್ದವು. ಒಂದು ನನ್ನ ಹತ್ತಿರ, ಇನ್ನೊಂದು ಸುಧೀರನ ಹತ್ತಿರ. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಮಗನ ಹಾಗೆ ಉಣ್ಣಿಸಿದ ಮನೆ ಎಂದು. ನೀವ್ ಹೇಳ್ತೀರಿ ಎಂದು ಕಾದೆ. ಧಾರಾವಾಹಿ ಒಂದು ನೆಪ. ಬೇರೆಯವರ ಕಥೆ ಬರೆಯುತ್ತಾ ಬರೆಯುತ್ತಾ ಒಂದು ದಿನ ನಮ್ಮ ಕಥೆಯೂ ನಿಮ್ಮ ಕೈಯಿಂದ ಬಂದುಬಿಡುತ್ತದೆ ಎಂದು ಆಸೆ ಪಟ್ಟಿದ್ದೆ. ನನ್ನ ದಡ್ಡತನ.

ಊರಲ್ಲಿ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ. ಅದು ದಿನಾ ಬಂದು, ಓದಿ, ವಾಪಸು ಹೋಗುತ್ತಿತ್ತಂತೆ. ನಿಮ್ಮ ಎರಡು ಕಾಗದದ ಕೊನೆಯಲ್ಲಿ ‘ನಾಳೆ’ ಇದೆ. ನಿನ್ನೆ ಎರಡನ್ನೂ ತೆಗೆದು ಓದಿದೆ. ಶುದ್ಧ ಕನ್ನಡದಲ್ಲೇ ಬರೆದಿದ್ದೀರಿ, ತಪ್ಪು ತಿಳಿಯಲು ಜಾಗವೇ ಇಲ್ಲ.

ಬರುವ ಶನಿವಾರದಿಂದ ಹೊಸ ಧಾರಾವಾಹಿ, ಅದೇ ಎಂಟೂವರೆಗೆ. ವಡೋದರಾವಾಳಾ ಕಾಕಾನಿಗೆ ಬರೆಯುತ್ತೀಯಾ ಎಂದು ಹುಡುಗರು ಕೇಳಿದರು. ಬೇಡ, ಒಂಬತ್ತರವರೆಗಿನ ಕಥೆ ಸಾಕು ಎಂದೆ.

ಸಂತೋಷ